ಕದಲದ ಪಿಂಗ್, ಮೊದಲೇ ಬರೆದ ನಿಯಮ: ಬಳ್ಳಾರಿಯಿಂದ ನಡೆಸಿದ ಫೈಟಿಂಗ್ ಗೇಮ್ ಪಂದ್ಯಾವಳಿಯ ಕೆಲಸದ ದಾಖಲೆ

ಬಳ್ಳಾರಿ, ಹೊಸಪೇಟೆ, ಗಂಗಾವತಿ, ಕೊಪ್ಪಳ, ಸಿಂಧನೂರು ಮತ್ತು ರಾಯಚೂರಿನ 24 ಆಟಗಾರರು ತಮ್ಮ ತಮ್ಮ ಮನೆಯಲ್ಲೇ ಕುಳಿತು ಇಬ್ಬರು ಎದುರುಬದುರು ಹೊಡೆದಾಡುವ ಸ್ಟ್ರೀಟ್ ಫೈಟರ್ 6 ಆಡುವಂತೆ ಒಂದು ಆನ್‌ಲೈನ್ ಪಂದ್ಯಾವಳಿಯನ್ನು ಈ ಬೇಸಿಗೆಯಲ್ಲಿ ನಾವು ಕೆಲವರು ಗೆಳೆಯರು ಸೇರಿ ನಡೆಸಿದೆವು. ಒಂದೇ ಕೋಣೆಯಲ್ಲಿ ಅಕ್ಕಪಕ್ಕ ಕುಳಿತು ಆಡಿ ಸೋತವನು ತನ್ನ ಕೈಯನ್ನೇ ಬೈದುಕೊಳ್ಳುತ್ತಾನೆ. ಆನ್‌ಲೈನ್‌ನಲ್ಲಿ ಸೋತವನು ಮೊದಲು ನೆಟ್ಟನ್ನು ಬೈಯುತ್ತಾನೆ, ಮತ್ತು ಅವನ ಮಾತಿನಲ್ಲಿ ಹಲವು ಸಲ ಸತ್ಯವೂ ಇರುತ್ತದೆ. ಆ ಮಾತಿಗೆ ಆಸ್ಪದವೇ ಇಲ್ಲದಂತೆ ಮಾಡುವುದು ಹೇಗೆ ಎಂಬ ಒಂದೇ ಪ್ರಶ್ನೆಯ ಸುತ್ತ ನಮ್ಮ ತಯಾರಿ ನಡೆಯಿತು. ಬ್ರಾಕೆಟ್, ಅಂದರೆ ಯಾರ ಮೇಲೆ ಯಾರು ಎಂಬ ಪಂದ್ಯಗಳ ಪಟ್ಟಿ, ಬರೆಯುವುದು ಇದರಲ್ಲಿ ಅತ್ಯಂತ ಸುಲಭದ ಕೆಲಸವಾಗಿತ್ತು. ಕೇಬಲ್, ಕರೆಂಟ್ ಮತ್ತು ನಿಯಮದ ವಾಕ್ಯಗಳು ಹೆಚ್ಚು ಸಮಯ ತೆಗೆದುಕೊಂಡವು.

ಈ ಜಾತಿಯ ಆಟಗಳು ಸೆಕೆಂಡಿಗೆ 60 ಫ್ರೇಮ್‌ಗಳ ಲೆಕ್ಕದಲ್ಲಿ ನಡೆಯುತ್ತವೆ, ಅಂದರೆ ಒಂದು ಫ್ರೇಮ್, ಪರದೆಯ ಒಂದು ಚಿತ್ರ, ಎಂದರೆ ಸುಮಾರು 16.67 ಮಿಲಿಸೆಕೆಂಡ್. ಸ್ಟ್ರೀಟ್ ಫೈಟರ್ 6ರಲ್ಲಿ ಎಲ್ಲ ಪಾತ್ರಗಳಿಗೂ ಇರುವ ಡ್ರೈವ್ ಇಂಪ್ಯಾಕ್ಟ್ ಎಂಬ ಭಾರಿ ಹೊಡೆತ ಎದುರಾಳಿಯನ್ನು ಮುಟ್ಟಲು 26 ಫ್ರೇಮ್ ಬೇಕು. ಕಣ್ಣು ಕಂಡು ಕೈ ಒತ್ತಲು ಸಾಮಾನ್ಯ ಮನುಷ್ಯನಿಗೆ ಸುಮಾರು 15 ಫ್ರೇಮ್‌ನಷ್ಟು ಸಮಯ ಹಿಡಿಯುತ್ತದೆ. ಉಳಿಯುವ ಹತ್ತು ಹನ್ನೊಂದು ಫ್ರೇಮ್‌ಗಳಲ್ಲೇ ಟಿವಿಯ ವಿಳಂಬ, ಕಂಟ್ರೋಲರಿನ ವಿಳಂಬ ಮತ್ತು ನೆಟ್‌ವರ್ಕಿನ ವಿಳಂಬ ಮೂರೂ ಪಾಲು ಕೇಳುತ್ತವೆ. ಇಬ್ಬರ ಆಟವನ್ನು ನೆಟ್ಟಿನಲ್ಲಿ ಹೊಂದಿಸುವ ಹಳೆಯ ಡಿಲೇ ಆಧಾರಿತ ನೆಟ್‌ಕೋಡ್‌ನಲ್ಲಿ ಇಬ್ಬರ ಬಟನ್‌ಗಳೂ ಬಂದು ಸೇರುವವರೆಗೆ ಆಟವೇ ಕಾಯುತ್ತಿತ್ತು. ಈಗಿನ ರೋಲ್‌ಬ್ಯಾಕ್‌ನಲ್ಲಿ ಎದುರಾಳಿ ಹಿಂದಿನ ಬಟನ್ನನ್ನೇ ಹಿಡಿದಿದ್ದಾನೆ ಎಂದು ಊಹಿಸಿ ಆಟ ಮುಂದೆ ಸಾಗುತ್ತದೆ, ಊಹೆ ತಪ್ಪಿದರೆ ಹಿಂದಕ್ಕೆ ಹೋಗಿ ಆ ಕೆಲವು ಫ್ರೇಮ್‌ಗಳನ್ನು ಮತ್ತೆ ಲೆಕ್ಕ ಹಾಕಿ ತೋರಿಸುತ್ತದೆ. ಟೋನಿ ಕ್ಯಾನನ್ ಅವರು ಇದಕ್ಕಾಗಿ ಬರೆದ ಜಿಜಿಪಿಒ ಎಂಬ ತಂತ್ರಾಂಶ 2019ರಲ್ಲಿ ಎಂಐಟಿ ಪರವಾನಗಿಯಡಿ ಎಲ್ಲರಿಗೂ ಮುಕ್ತವಾಯಿತು; ಇಂದು ಈ ವಿಧಾನವಿಲ್ಲದ ಹೊಸ ಫೈಟಿಂಗ್ ಗೇಮನ್ನು ಆನ್‌ಲೈನ್ ಪಂದ್ಯಕ್ಕೆ ಆರಿಸಿಕೊಳ್ಳುವ ಅಗತ್ಯವೇ ಇಲ್ಲ.

ಆದರೆ ರೋಲ್‌ಬ್ಯಾಕ್ ಮಂತ್ರವಲ್ಲ. ಇಬ್ಬರ ನಡುವೆ ಪಿಂಗ್, ಅಂದರೆ ಮಾಹಿತಿ ಹೋಗಿ ಬರಲು ಹಿಡಿಯುವ ಸಮಯ, 60 ಮಿಲಿಸೆಕೆಂಡ್ ಇದ್ದರೆ ಒಂದು ಬದಿಯ ಪ್ರಯಾಣ 30, ಅಂದರೆ ಎರಡು ಫ್ರೇಮ್‌ಗಿಂತ ತುಸು ಕಡಿಮೆ. ಎದುರಾಳಿಯ ಹೊಡೆತದ ಮೊದಲ ಅಷ್ಟು ಭಾಗ ನಮ್ಮ ಪರದೆಯ ಮೇಲೆ ಕಾಣದೆಯೇ ಹೋಗಬಹುದು. ಆ ನಷ್ಟ ಪ್ರತಿ ಸಲವೂ ಎರಡೇ ಫ್ರೇಮ್ ಆಗಿದ್ದರೆ ಆಟಗಾರನ ಕೈ ಒಂದೆರಡು ಸುತ್ತಿನಲ್ಲಿ ಅದಕ್ಕೆ ಹೊಂದಿಕೊಳ್ಳುತ್ತದೆ. ಒಮ್ಮೆ ಒಂದು, ಮರುಕ್ಷಣ ಆರು, ಮತ್ತೆ ಎರಡು ಎಂದು ಓಲಾಡಿದರೆ ಯಾವ ಅಭ್ಯಾಸವೂ ಉಪಯೋಗಕ್ಕೆ ಬರುವುದಿಲ್ಲ. ಆದ್ದರಿಂದ ನಾವು ಕಡಿಮೆ ಪಿಂಗ್‌ಗಿಂತ ಕದಲದ ಪಿಂಗಿಗೆ ಹೆಚ್ಚು ಬೆಲೆ ಕೊಟ್ಟೆವು. ಸರಾಸರಿ 80 ಮಿಲಿಸೆಕೆಂಡ್ ಒಳಗೆ, ಅತಿ ಹೆಚ್ಚಿನ ಪಿಂಗ್ ಸರಾಸರಿಗಿಂತ 15ಕ್ಕಿಂತ ಮೇಲೇರದಂತೆ, ಪ್ಯಾಕೆಟ್ (ಮಾಹಿತಿಯ ತುಣುಕು) ನಷ್ಟ ಸೊನ್ನೆ: ಪ್ರವೇಶದ ಅಳತೆ ಇದೇ ಎಂದು ನೋಂದಣಿಯ ದಿನವೇ ತಿಳಿಸಿದೆವು. ಸ್ಪೀಡ್ ಟೆಸ್ಟಿನ ಚಿತ್ರವನ್ನು ಯಾರಿಂದಲೂ ಕೇಳಲಿಲ್ಲ, ಏಕೆಂದರೆ ಈ ಆಟ ಕಳಿಸುವುದು ಬಟನ್‌ಗಳ ಮಾಹಿತಿಯನ್ನು. ಅದಕ್ಕೆ 300 ಎಂಬಿಪಿಎಸ್ ಸಂಪರ್ಕದಿಂದ ವಿಶೇಷ ಲಾಭವೇನೂ ಇಲ್ಲ.

ಊರುಗಳ ನಡುವಿನ ಅಂತರ ಇಲ್ಲಿ ಮೋಸ ಮಾಡುತ್ತದೆ. ಫೈಬರ್ ಕೇಬಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುವುದರಿಂದ ಬಳ್ಳಾರಿಯಿಂದ ರಾಯಚೂರಿಗೆ ನೇರ ದಾರಿಯಿದ್ದರೆ ಹೋಗಿ ಬರಲು ಎರಡು ಮಿಲಿಸೆಕೆಂಡ್ ಸಾಕು. ಆದರೆ ಇಬ್ಬರೂ ಬೇರೆ ಬೇರೆ ಕಂಪನಿಯ ಸಂಪರ್ಕ ಪಡೆದಿದ್ದರೆ ಆ ಎರಡು ಜಾಲಗಳು ಕೂಡುವ ದೊಡ್ಡ ನಗರದವರೆಗೆ ಪ್ಯಾಕೆಟ್ ಹೋಗಿಬರಬೇಕು. ನಡುವಿನ ಮಾನ್ವಿಯ ದಾರಿ ಹಿಡಿಯಬೇಕಾದದ್ದು ಮುಂಬೈಗೋ ಚೆನ್ನೈಗೋ ಸುತ್ತು ಹಾಕಿ ಬರುತ್ತದೆ. ಹೀಗಾಗಿ ಪರೀಕ್ಷೆಗೆ ಬಳ್ಳಾರಿಯಲ್ಲಿ ಒಬ್ಬರನ್ನೂ ರಾಯಚೂರಿನಲ್ಲಿ ಒಬ್ಬರನ್ನೂ, ಬೇರೆ ಬೇರೆ ಕಂಪನಿಯ ಸಂಪರ್ಕ ಇರುವಂತೆ ನೋಡಿ, ನೇಮಿಸಿದೆವು. ಪ್ರತಿ ಆಟಗಾರನೂ ಈ ಇಬ್ಬರೊಡನೆ ಮೂರು ಗೆಲುವಿನವರೆಗೆ ಆಡಿ ತೋರಿಸಬೇಕು, ಆ ಹೊತ್ತಿನಲ್ಲೇ ಹಿನ್ನೆಲೆಯಲ್ಲಿ ಪಿಂಗ್ ಆಜ್ಞೆ ಓಡುತ್ತಿರಬೇಕು. ಮನೆಯ ಇನ್ನೊಂದು ಫೋನಿನಿಂದ ಒಂದು ದೊಡ್ಡ ವಿಡಿಯೊವನ್ನು ಅಪ್‌ಲೋಡ್ ಮಾಡಿಸಿ ಮತ್ತೊಮ್ಮೆ ಅಳೆಯುವುದು ಎರಡನೆಯ ಹಂತ. ಖಾಲಿ ಇದ್ದಾಗ 25 ತೋರಿಸುವ ರೂಟರ್ ಅಪ್‌ಲೋಡ್ ಶುರುವಾದೊಡನೆ 200 ದಾಟುವುದನ್ನು ಇಲ್ಲಿ ಬಹಳ ಮಂದಿ ಮೊದಲ ಬಾರಿಗೆ ನೋಡಿದರು. ಪ್ಯಾಕೆಟ್‌ಗಳು ರೂಟರಿನ ಸರದಿಯಲ್ಲಿ ಕೊಳೆಯುವುದರಿಂದ ಹೀಗಾಗುತ್ತದೆ. ರೂಟರಿನ ಕ್ಯುಒಎಸ್ (ಯಾವ ಮಾಹಿತಿಗೆ ಎಷ್ಟು ಪಾಲು ಎಂದು ಗೊತ್ತುಮಾಡುವ) ಪುಟದಲ್ಲಿ ಅಪ್‌ಲೋಡ್ ವೇಗವನ್ನು ನಿಜವಾದ ವೇಗದ ಶೇಕಡಾ 85ರ ಆಸುಪಾಸಿಗೆ ಕಟ್ಟಿಹಾಕಿದರೆ ಹೆಚ್ಚಿನ ಮನೆಗಳಲ್ಲಿ ತೊಂದರೆ ತಗ್ಗುತ್ತದೆ. ಆ ಪುಟವೇ ಇಲ್ಲದ ಅಗ್ಗದ ರೂಟರ್ ಇರುವವರಿಗೆ ಪಂದ್ಯದ ವೇಳೆ ಮನೆಯವರ ಫೋನುಗಳ ವೈಫೈ ಆರಿಸುವುದೊಂದೇ ದಾರಿ, ಮತ್ತು ಅದಕ್ಕೆ ಅಮ್ಮನ ಒಪ್ಪಿಗೆ ಪಡೆಯುವುದು ಆಟಗಾರನ ಜವಾಬ್ದಾರಿ.

ಕನ್ಸೋಲ್ ಅಥವಾ ಪಿಸಿಯಿಂದ ರೂಟರಿನವರೆಗೆ ಲ್ಯಾನ್ ಕೇಬಲ್ ಕಡ್ಡಾಯ ಎಂದೆವು. ರೂಟರಿಗೆ ನೆಟ್ ಎಲ್ಲಿಂದ ಬರುತ್ತದೆ ಎಂಬುದನ್ನು ಮಾತ್ರ ಅಳತೆಗೇ ಬಿಟ್ಟೆವು. ಸಿಂಧನೂರಿನ ಹತ್ತಿರದ ಹಳ್ಳಿಯ ಹುಡುಗನೊಬ್ಬನಿಗೆ ಫೈಬರ್ ಸಿಗುವುದಿಲ್ಲ, 5ಜಿ ರೂಟರ್ ಮಾತ್ರ ಇತ್ತು. ಬೆಳಿಗ್ಗೆ ಅವನ ಅಳತೆ ಹಲವು ಫೈಬರ್ ಮನೆಗಳಿಗಿಂತ ಚೆನ್ನಾಗಿತ್ತು. ರಾತ್ರಿ 8 ಗಂಟೆಗೆ, ಊರೆಲ್ಲ ಫೋನ್ ಹಿಡಿದು ಕುಳಿತಾಗ, ಅದೇ ಸಂಪರ್ಕ ಹರಿದ ಜೋಳಿಗೆಯಂತಾಯಿತು. ಪರೀಕ್ಷೆಯನ್ನು ಪಂದ್ಯ ನಡೆಯುವ ಗಳಿಗೆಯಲ್ಲೇ ಮಾಡಬೇಕೆಂಬ ಷರತ್ತು ಇದ್ದುದರಿಂದ ಇದು ಮೊದಲೇ ಗೊತ್ತಾಯಿತು, ಅವನು ಸಿಂಧನೂರಿನ ಗೆಳೆಯನ ಮನೆಯಿಂದ ಆಡಲು ಏರ್ಪಾಡು ಮಾಡಿಕೊಂಡ.

ಗಂಗಾವತಿಯ ಒಂದು ಮನೆಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆ ಆಟಗಾರನ ಸಂಪರ್ಕ ಫೈಬರ್, ಯಂತ್ರಕ್ಕೆ ಲ್ಯಾನ್ ಕೇಬಲ್, ಖಾಲಿ ಪಿಂಗ್ ಕೂಡ ಸೊಗಸಾಗಿತ್ತು. ಆದರೂ ಆಟ ಶುರುವಾದ ಮೇಲೆ ಪ್ಯಾಕೆಟ್‌ಗಳು ಆಗೊಮ್ಮೆ ಈಗೊಮ್ಮೆ ಕಳೆದುಹೋಗುತ್ತಿದ್ದವು. "ಸ್ಪೀಡ್ ನೂರು ಬರತೈತಿ ಅಣ್ಣ, ಮತ್ಯಾಕ ಆಟ ಜಗ್ಗತೈತಿ?" ಎಂದು ಅವನು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ರೂಟರಿಗೇ ಪಿಂಗ್ ಮಾಡಿಸಿ ನೋಡಿದಾಗ ನಷ್ಟ ಅಲ್ಲಿಯೂ ಕಂಡಿತು, ಅಂದರೆ ಕಳ್ಳ ಮನೆಯೊಳಗೇ ಇದ್ದ. ಮಹಡಿಯ ರೂಟರಿನಿಂದ ಗೋಡೆಯಂಚಿನಲ್ಲಿ ಇಳಿದು ಹಿಂದಿನ ಕೋಣೆಗೆ ಬರುವ ಉದ್ದನೆಯ ಕೇಬಲ್ ಅದು. ತುದಿಯ ಆರ್‌ಜೆ45 ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿದರೆ ತಂತಿಗಳು ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ, ಬಿಳಿ-ಕಂದು, ಕಂದು ಎಂದು ಬಣ್ಣಬಣ್ಣದ ಜೋಡಿಯಾಗಿ ಸಾಲಾಗಿ ಕುಳಿತಿದ್ದವು. ಕಣ್ಣಿಗೆ ಅಚ್ಚುಕಟ್ಟು, ಕೆಲಸಕ್ಕೆ ಕೆಟ್ಟದ್ದು. ಈಥರ್ನೆಟ್‌ನಲ್ಲಿ 3 ಮತ್ತು 6ನೆಯ ಪಿನ್‌ಗಳು ಒಂದು ಜೋಡಿ. ಆ ಎರಡಕ್ಕೂ ಒಟ್ಟಿಗೆ ಹೆಣೆದ ಎರಡು ತಂತಿಗಳೇ ಹೋಗಬೇಕು. ಇಲ್ಲಿ 3ಕ್ಕೆ ಬಿಳಿ-ಹಸಿರು, 6ಕ್ಕೆ ನೀಲಿ ಹೋಗಿತ್ತು. ಹೆಣಿಗೆ ಬೇರೆಬೇರೆಯಾದಾಗ ಪಕ್ಕದ ತಂತಿಯ ಗದ್ದಲ ಒಳಕ್ಕೆ ನುಗ್ಗುತ್ತದೆ. ಎರಡು ತುದಿಯಲ್ಲೂ ಒಂದೇ ಕ್ರಮ ಇರುವುದರಿಂದ ಅಗ್ಗದ ಟೆಸ್ಟರಿನಲ್ಲಿ 1ರಿಂದ 8ರವರೆಗೆ ಎಲ್ಲ ದೀಪಗಳೂ ಸರಿಯಾಗಿಯೇ ಬೆಳಗುತ್ತವೆ, ಸಣ್ಣ ತುಂಡಿನಲ್ಲಿ ತೊಂದರೆಯೂ ಕಾಣುವುದಿಲ್ಲ. ಕೇಬಲ್ ಉದ್ದವಾದಷ್ಟೂ ದೋಷ ಬಯಲಾಗುತ್ತದೆ.

ಎರಡೂ ತುದಿಗಳನ್ನು ಕತ್ತರಿಸಿ ಹೊಸ ಪ್ಲಗ್ ಹಾಕಿದೆವು. ಹೊರಕವಚವನ್ನು ಒಂದಿಂಚಿನಷ್ಟು ಸುಲಿದು, ತಂತಿಗಳನ್ನು ಹೆಬ್ಬೆರಳಿನಲ್ಲಿ ತಿಕ್ಕಿ ನೇರ ಮಾಡಿ, ಟಿ568ಬಿ ಎಂಬ ರೂಢಿಯ ಕ್ರಮದಲ್ಲಿ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂದು ಜೋಡಿಸಿ, ತುದಿಗಳನ್ನು ಒಂದೇ ಮಟ್ಟಕ್ಕೆ ಕತ್ತರಿಸಿ, ಪ್ಲಗ್ಗಿನ ಮುಂಗೋಡೆಗೆ ತಾಮ್ರ ತಾಗುವವರೆಗೆ ಒಳಗೆ ದೂಡಬೇಕು. ಹೊರಕವಚವೂ ಪ್ಲಗ್ಗಿನೊಳಗೆ ಸೇರಿ ಕ್ರಿಂಪಿಂಗ್ ಕಚ್ಚುವಿಕೆಗೆ ಸಿಗಬೇಕು, ಇಲ್ಲದಿದ್ದರೆ ಒಂದೆರಡು ಸಲ ಎಳೆದಾಗಲೇ ತಂತಿ ಸಡಿಲಾಗುತ್ತದೆ. ಮರು ಅಳತೆಯಲ್ಲಿ ನಷ್ಟ ಸೊನ್ನೆಯಾಯಿತು. ಇದಾದ ಬಳಿಕ ಎಲ್ಲ ಆಟಗಾರರಿಂದಲೂ ಪ್ಲಗ್ಗಿನ ಹತ್ತಿರದ ಫೋಟೊ ತರಿಸಿಕೊಂಡೆವು, ಇದೇ ದೋಷ ಇನ್ನೂ ಎರಡು ಮನೆಗಳಲ್ಲಿ ಸಿಕ್ಕಿತು.

ನೆಟ್ಟಿನಷ್ಟೇ ಯಂತ್ರವೂ ಮುಖ್ಯ. ಒಬ್ಬರ ಪಿಸಿ 60 ಫ್ರೇಮ್ ಹಿಡಿಯಲಾರದೆ ಹಿಂದೆ ಬಿದ್ದರೆ ಅದರ ಪೆಟ್ಟು ಎದುರಾಳಿಯ ಪರದೆಗೂ ಬೀಳುತ್ತದೆ, ಮತ್ತು ಇಬ್ಬರೂ ಅದನ್ನು ನೆಟ್ಟಿನ ತಪ್ಪೆಂದೇ ತಿಳಿಯುತ್ತಾರೆ. ಆಟವನ್ನು ತಯಾರಿಸಿದ ಕ್ಯಾಪ್ಕಾಮ್ ಉಚಿತವಾಗಿ ಕೊಡುವ, ಯಂತ್ರದ ವೇಗ ಅಳೆಯುವ ಬೆಂಚ್‌ಮಾರ್ಕ್ ಉಪಕರಣವನ್ನು ಪಿಸಿ ಆಟಗಾರರೆಲ್ಲ ಓಡಿಸಿ, ಫೈಟಿಂಗ್ ಗ್ರೌಂಡ್ ಎಂಬ ಹೊಡೆದಾಟದ ಭಾಗದ ಫಲಿತಾಂಶವನ್ನು ಕಳುಹಿಸಿದರು. ಬಳ್ಳಾರಿಯ ಮೇ ತಿಂಗಳಲ್ಲಿ ಲ್ಯಾಪ್‌ಟಾಪ್ ಆರಂಭದಲ್ಲಿ ತೋರುವ ವೇಗವನ್ನು ನಂಬುವಂತಿಲ್ಲ. ಕಾಲು ಗಂಟೆ ಆಡಿ ಬಿಸಿಯಾದ ಮೇಲೆ ಅದು ತನ್ನನ್ನು ತಾನೇ ನಿಧಾನ ಮಾಡಿಕೊಳ್ಳುತ್ತದೆ. ಆದ್ದರಿಂದ ಅಳತೆಯನ್ನು ಬಿಸಿಯಾದ ಮೇಲೆ, ಸ್ಕ್ರೀನ್ ರೆಕಾರ್ಡಿಂಗ್ ಚಾಲೂ ಇಟ್ಟು ತೆಗೆದುಕೊಂಡೆವು. ಗ್ರಾಫಿಕ್ಸ್ ಇಳಿಸಿದಾಗ ಬಹುತೇಕ ಯಂತ್ರಗಳು ತೇರ್ಗಡೆಯಾದವು.

ಕರೆಂಟಿನ ವಿಷಯ. ಶಕ್ತಿನಗರದಲ್ಲೊಂದು, ಕುಡತಿನಿಯಲ್ಲೊಂದು ಶಾಖೋತ್ಪನ್ನ ಸ್ಥಾವರ ಇರುವ ಈ ಸೀಮೆಯಲ್ಲಿ ಪಂದ್ಯಾವಳಿಯ ನಿಯಮಾವಳಿಗೆ ಕರೆಂಟ್ ಹೋಗುವುದರ ಬಗ್ಗೆ ಒಂದು ಪ್ರತ್ಯೇಕ ಭಾಗ ಬೇಕಾಯಿತು. ರೂಟರ್ ಮತ್ತು ಫೈಬರ್ ಪೆಟ್ಟಿಗೆ ಎರಡೂ ಸಾಮಾನ್ಯವಾಗಿ 12 ವೋಲ್ಟಿನವು. ಅವುಗಳಿಗೆ ಸಣ್ಣ ಡಿಸಿ ಯುಪಿಎಸ್ ಸಾಕು, ಆದರೆ ಅಡಾಪ್ಟರಿನ ಮೇಲೆ ಬರೆದ ಆಂಪಿಯರ್ ನೋಡಿಕೊಂಡೇ ಕೊಳ್ಳಬೇಕು. ಪಿಸಿ ಅಥವಾ ಪಿಎಸ್5ಗೆ ಮನೆಯ ಇನ್ವರ್ಟರೇ ಗತಿ. ಇನ್ವರ್ಟರ್ ಇದ್ದರೂ ಕರೆಂಟ್ ಹೋದಾಗ ಪಿಸಿ ಆರಿ ಹತ್ತುತ್ತದೆ ಎಂದು ಹಲವರು ಹೇಳಿದರು. ಇನ್ವರ್ಟರಿನ ಹಿಂಬದಿಯಲ್ಲಿ ಇಕೊ ಮತ್ತು ಯುಪಿಎಸ್ ಎಂಬ ಗುಂಡಿ ಇದ್ದು, ಅದು ಇಕೊದಲ್ಲಿ ನಿಂತಿರುತ್ತದೆ. ಯುಪಿಎಸ್ ಬದಿಗೆ ತಿರುಗಿಸಿದರೆ ಬದಲಾವಣೆ ಬೇಗ ಆಗುತ್ತದೆ, ಹೆಚ್ಚಿನ ಪಿಸಿಗಳು ತಡೆದುಕೊಳ್ಳುತ್ತವೆ.

ಕಂಟ್ರೋಲರಿನ ನಿಯಮ ಚಿಕ್ಕದು. ಇಬ್ಬರು ಹುಡುಗರು ರಾಸ್ಪ್‌ಬೆರಿ ಪೈ ಪೀಕೊ ಎಂಬ ಪುಟ್ಟ ಕಂಪ್ಯೂಟರ್ ಹಲಗೆಗೆ, ಅದನ್ನು ಕಂಟ್ರೋಲರ್ ಮಾಡುವ ಜಿಪಿ2040-ಸಿಇ ಫರ್ಮ್‌ವೇರ್ ಹಾಕಿ, ಕೀಬೋರ್ಡಿನ ಸ್ವಿಚ್‌ಗಳನ್ನು ಬೆಸುಗೆ ಮಾಡಿ, ಕಡ್ಡಿಯಿಲ್ಲದ ಬಟನ್ ಪೆಟ್ಟಿಗೆಗಳನ್ನು ಮನೆಯಲ್ಲೇ ಕಟ್ಟಿಕೊಂಡಿದ್ದರು. ಇಂಥ ಪೆಟ್ಟಿಗೆಯಲ್ಲಿ ಎಡ ಮತ್ತು ಬಲ ಒಟ್ಟಿಗೆ ಒತ್ತಬಹುದಾದ್ದರಿಂದ ಯಾವುದು ಗೆಲ್ಲಬೇಕು ಎಂಬ ಪ್ರಶ್ನೆ ಏಳುತ್ತದೆ. ಎಡ-ಬಲ ಕೂಡಿದರೂ ಮೇಲೆ-ಕೆಳಗೆ ಕೂಡಿದರೂ ತಟಸ್ಥ ಎಂದು ನಿಯಮ ಬರೆದು, ಸೆಟ್ಟಿಂಗ್ ಪುಟದ ಫೋಟೊ ಪಡೆದೆವು. ಮಾಡರ್ನ್ ಮತ್ತು ಕ್ಲಾಸಿಕ್ ಎರಡೂ ಬಗೆಯ ನಿಯಂತ್ರಣಕ್ಕೆ ಅವಕಾಶವಿತ್ತು. ಮಾಡರ್ನ್‌ನ ಸುಲಭ ಗುಂಡಿಯಿಂದ ಹೊರಡುವ ವಿಶೇಷ ಹೊಡೆತಕ್ಕೆ ಆಟವೇ ಶೇಕಡಾ 20 ಪೆಟ್ಟು ಕಡಿತ ಮಾಡಿರುವಾಗ ನಾವು ಇನ್ನೊಂದು ದಂಡ ಹಾಕುವ ಅಗತ್ಯವಿಲ್ಲ.

ಜೋಡಿಗಳನ್ನು ಹಾಕುವಾಗ ಒಂದು ಆಕ್ಷೇಪ ಬಂತು. ಜಾತ್ರೆಯ ಬಯಲು ಕುಸ್ತಿಯಲ್ಲಿ ಹಿರಿಯರು ಮೈಕಟ್ಟು, ಅನುಭವ ನೋಡಿ ಸಮಜೋಡಿ ಹಾಕುತ್ತಾರೆ. ನೀವೇಕೆ ಶ್ರೇಯಾಂಕದ 9ನೆಯವನನ್ನು 24ನೆಯವನ ಮೇಲೆ ಬಿಡುತ್ತೀರಿ ಎಂದು ಕೆಲವರು ಕೇಳಿದರು. ಕುಸ್ತಿಯಲ್ಲಿ ಪ್ರತಿ ಜೋಡಿಯೂ ಅಲ್ಲಿಗೇ ಮುಗಿಯುವ ಪಂದ್ಯ. ಬ್ರಾಕೆಟ್‌ನಲ್ಲಿ ಹಾಗೆ ಮಾಡಿದರೆ ಬಲಿಷ್ಠರಿಬ್ಬರು ಮೊದಲ ಸುತ್ತಿನಲ್ಲೇ ಹೊಡೆದಾಡಿ ಒಬ್ಬನು ಕೆಳಗಿಳಿಯುತ್ತಾನೆ, ಅವನ ಸ್ಥಾನಕ್ಕೆ ಅರ್ಹನಲ್ಲದವನು ಮೇಲೇರುತ್ತಾನೆ. ಆಟದ ಮೇಲಿನ ದರ್ಜೆಯಾದ ಮಾಸ್ಟರ್ ಮುಟ್ಟಿದವರನ್ನು ಅವರ ಎಂಆರ್ (ಮಾಸ್ಟರ್ ರೇಟ್) ಅಂಕದಂತೆ, ಉಳಿದವರನ್ನು ಎಲ್‌ಪಿ (ಲೀಗ್ ಪಾಯಿಂಟ್) ಅಂಕದಂತೆ ಸಾಲಿಗೆ ನಿಲ್ಲಿಸಿ, 32ರ ಚೌಕಟ್ಟಿನಲ್ಲಿ ಮೊದಲ 8 ಮಂದಿಗೆ ಬೈ, ಅಂದರೆ ಮೊದಲ ಸುತ್ತು ಆಡದೆಯೇ ಮುಂದೆ ಹೋಗುವ ಅವಕಾಶ, ಕೊಟ್ಟೆವು. ಒಂದೇ ಊರಿನವರು ಮೊದಲ ಸುತ್ತಿನಲ್ಲೇ ಎದುರಾಗದಂತೆ ಒಂದೊಂದು ಸ್ಥಾನ ಆಚೀಚೆ ಸರಿಸಿದ್ದಷ್ಟೇ ನಮ್ಮ ಕೈವಾಡ, ಅದನ್ನೂ ಪಟ್ಟಿಯ ಜೊತೆಯಲ್ಲೇ ಪ್ರಕಟಿಸಿದೆವು. ಹತ್ತಿರದ ಪಿಂಗ್ ಸಿಗಲೆಂದು ಊರವರನ್ನು ಊರವರಿಗೇ ಜೋಡಿಸಿ ಎಂಬ ಸಲಹೆಯನ್ನು ಒಪ್ಪಲಿಲ್ಲ. ಬಲಿಷ್ಠರು ಹೆಚ್ಚಿರುವ ಊರಿಗೆ ಅದರಿಂದ ಅನ್ಯಾಯವಾಗುತ್ತದೆ.

ಎರಡು ಸಲ ಸೋತಾಗ ಮಾತ್ರ ಹೊರಬೀಳುವ ಡಬಲ್ ಎಲಿಮಿನೇಶನ್ ಆರಿಸಿಕೊಂಡದ್ದಕ್ಕೆ ನೆಟ್ಟೇ ಮುಖ್ಯ ಕಾರಣ. ಒಂದು ಕೆಟ್ಟ ಗಳಿಗೆಗೆ ಯಾರೂ ಹೊರಬೀಳಬಾರದು. 24 ಜನರಿಗೆ ಇದರಲ್ಲಿ 46 ಪಂದ್ಯ, ಸೋಲದೆ ಫೈನಲಿಗೆ ಬಂದವನು ಅಲ್ಲಿ ಮೊದಲ ಸಲ ಸೋತು ಇನ್ನೊಂದು ಪಂದ್ಯ (ರೀಸೆಟ್) ಬೇಕಾದರೆ 47 ಆಗುತ್ತದೆ. ಶನಿವಾರ ಕೊನೆಯ ಎಂಟರವರೆಗೆ, ಭಾನುವಾರ ಉಳಿದದ್ದು ಎಂದು ಹಂಚಿದೆವು. ಪ್ರವೇಶ ಶುಲ್ಕ ಇಡಲಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸಿ ಇ-ಸ್ಪೋರ್ಟ್ಸ್ ಅನ್ನು ಬೇರೆಯಾಗಿ ಇರಿಸಿದೆ. ಆ ಗೆರೆಯ ಹತ್ತಿರ ಸುಳಿಯುವ ಅಗತ್ಯ ನಮ್ಮಂಥ ಸಣ್ಣ ಕೂಟಕ್ಕೆ ಇರಲಿಲ್ಲ. ಗೆದ್ದವರಿಗೆ ಕಂಟ್ರೋಲರ್ ಒಂದನ್ನು ನಾವೇ ಚಂದಾ ಎತ್ತಿ ಕೊಟ್ಟೆವು.

ನಿಯಮಾವಳಿಯಲ್ಲಿ ಹೆಚ್ಚು ತಿದ್ದುಪಡಿ ಕಂಡದ್ದು ಸಂಪರ್ಕ ಕಡಿದಾಗ ಏನು ಮಾಡಬೇಕು ಎಂಬ ಭಾಗ. ಕೇಬಲ್ ಕೀಳುವುದರಿಂದ ಯಾರಿಗೂ ಲಾಭವಾಗಬಾರದು, ಕರೆಂಟ್ ಹೋದದ್ದಕ್ಕೆ ಯಾರಿಗೂ ಅತಿಯಾದ ಶಿಕ್ಷೆಯಾಗಬಾರದು; ಈ ಎರಡರಲ್ಲಿ ಯಾವುದು ನಡೆಯಿತೆಂದು ಬಳ್ಳಾರಿಯಲ್ಲಿ ಕುಳಿತ ತೀರ್ಪುಗಾರನಿಗೆ ತಿಳಿಯಲು ಸಾಧ್ಯವಿಲ್ಲ. ಆದ್ದರಿಂದ ಉದ್ದೇಶ ಹುಡುಕುವುದನ್ನೇ ಬಿಟ್ಟು, ಪರದೆಯ ಮೇಲೆ ಕಾಣುವುದನ್ನಷ್ಟೇ ಆಧಾರ ಮಾಡಿಕೊಂಡೆವು. ಒಂದು ಪಂದ್ಯದಲ್ಲಿ ಹಲವು ಆಟ, ಒಂದು ಆಟದಲ್ಲಿ ಹಲವು ಸುತ್ತು ಇರುತ್ತವೆ; ಮುಗಿದ ಸುತ್ತುಗಳು ಮುಗಿದಂತೆಯೇ ಉಳಿಯುತ್ತವೆ. ಕಡಿದ ಸುತ್ತಿನಲ್ಲಿ ಸಂಪರ್ಕ ಕಳೆದುಕೊಂಡವರ ಹೆಲ್ತ್ ಬಾರ್ ಎದುರಾಳಿಗಿಂತ ಕಡಿಮೆ ಇದ್ದರೆ ಆ ಸುತ್ತು ಎದುರಾಳಿಗೆ. ಸಮ ಅಥವಾ ಹೆಚ್ಚು ಇದ್ದರೆ ಸುತ್ತನ್ನು ಹೊಸದಾಗಿ ಆಡಬೇಕು. ಹೊಸ ಆಟ ಶುರುಮಾಡಿದಾಗ ಹಿಂದೆ ಸುತ್ತು ಸೋತವರು ಅಷ್ಟು ಸುತ್ತುಗಳನ್ನು ಬಟನ್ ಮುಟ್ಟದೆ ನಿಂತು ಬಿಟ್ಟುಕೊಡಬೇಕು. ದೊಡ್ಡ ಹೊಡೆತಕ್ಕಾಗಿ ತುಂಬಿಕೊಳ್ಳುವ ಸೂಪರ್ ಗೇಜ್ ಒಂದು ಸುತ್ತಿನಿಂದ ಇನ್ನೊಂದಕ್ಕೆ ಹಾಗೇ ಸಾಗುವುದರಿಂದ ಮೊದಲಿನ ಸ್ಥಿತಿಯನ್ನು ಯಥಾವತ್ತಾಗಿ ತರಲಾಗುವುದಿಲ್ಲ, ಆ ಕೊರತೆಯನ್ನು ಇಬ್ಬರೂ ಒಪ್ಪಿಕೊಂಡೇ ಆಡಬೇಕೆಂದು ಬರೆದೆವು. ಅದೇ ಪಂದ್ಯದಲ್ಲಿ ಎರಡನೆಯ ಸಲ ಕಡಿದರೆ ಆ ಆಟ ಹೋಯಿತು, ಮೂರನೆಯ ಸಲಕ್ಕೆ ಪಂದ್ಯವೇ ಹೋಯಿತು.

ಸಾಕ್ಷಿಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಆಟದ ರೀಪ್ಲೇ ನೋಡಿ ಲ್ಯಾಗ್ (ನೆಟ್ಟಿನಿಂದಾಗುವ ಎಳೆತ) ಇತ್ತೇ ಎಂದು ತೀರ್ಮಾನಿಸಲು ಬರುವುದಿಲ್ಲ. ಅದು ಇಬ್ಬರ ಬಟನ್‌ಗಳ ದಾಖಲೆಯಷ್ಟೇ, ಮರಳಿ ಓಡಿಸಿದಾಗ ಎಲ್ಲವೂ ನೀರಿನಂತೆ ಹರಿಯುತ್ತದೆ. ಆಡುವಾಗ ಪರದೆ ಹೇಗಿತ್ತು ಎಂಬುದಕ್ಕೆ ಆಟಗಾರನ ಸ್ವಂತ ರೆಕಾರ್ಡಿಂಗ್ ಬೇಕು. ಪಿಸಿಯಲ್ಲಿ ವಿಂಡೋಸಿನ ಗೇಮ್ ಬಾರ್, ಪಿಎಸ್5ರಲ್ಲಿ ಕ್ರಿಯೇಟ್ ಬಟನ್ ಈ ಕೆಲಸಕ್ಕೆ ಸಾಕು. ಲ್ಯಾಗ್ ದೂರನ್ನು ಮೊದಲ ಆಟ ಮುಗಿಯುವ ಒಳಗೆ ಹೇಳಬೇಕು, ಸೋತ ಮೇಲೆ ನೆನಪಾದ ಲ್ಯಾಗನ್ನು ಪರಿಗಣಿಸುವುದಿಲ್ಲ ಎಂಬ ಸಾಲಿಗೆ ವಿರೋಧವೇ ಬರಲಿಲ್ಲ. ತೀರ್ಪುಗಾರರು ಆಟಗಾರರಾಗಿರಬಾರದು, ತಮ್ಮ ಊರಿನವರ ಪಂದ್ಯಕ್ಕೆ ತೀರ್ಪು ಕೊಡಬಾರದು ಎಂದೂ ಇಟ್ಟೆವು.

ಹೊಸಪೇಟೆಯ ಅಣ್ಣತಮ್ಮಂದಿರಿಬ್ಬರು ಒಂದೇ ರೂಟರಿನಿಂದ ಆಡುತ್ತಿದ್ದರು. ಇಬ್ಬರ ಪಂದ್ಯಗಳೂ ಏಕಕಾಲಕ್ಕೆ ಬೀಳದಂತೆ ಸರದಿ ಬದಲಿಸಿದೆವು. ಅವರು ಲೂಸರ್ಸ್ (ಒಮ್ಮೆ ಸೋತವರ) ಬದಿಯಲ್ಲಿ ಪರಸ್ಪರ ಎದುರಾದಾಗ ಪಂದ್ಯವನ್ನು ಎಲ್ಲರಿಗೂ ಕಾಣುವಂತೆ ನೇರಪ್ರಸಾರಕ್ಕೆ ಹಾಕಿದೆವು. ತಮ್ಮನು ಗೆದ್ದ, ಬಿಟ್ಟುಕೊಟ್ಟರು ಎಂದು ಯಾರೂ ಹೇಳುವಂತಿರಲಿಲ್ಲ.

ಭಾನುವಾರ ಕೊಪ್ಪಳ ಮತ್ತು ಬಳ್ಳಾರಿ ಆಟಗಾರರ ಲೂಸರ್ಸ್ ಸೆಮಿಫೈನಲ್‌ನಲ್ಲಿ, ಆಟಗಳು ಒಂದೊಂದಾಗಿ ಸಮವಾಗಿ ನಿರ್ಣಾಯಕ ಮೂರನೆಯದು ನಡೆಯುತ್ತಿದ್ದಾಗ, ಸುತ್ತುಗಳೂ 1-1 ಆಗಿ ನಿಂತಾಗಲೇ ಕೊಪ್ಪಳದಲ್ಲಿ ಕರೆಂಟ್ ಹೋಯಿತು. ಬಳ್ಳಾರಿಯವನ ರೆಕಾರ್ಡಿಂಗಿನ ಕೊನೆಯ ಚಿತ್ರದಲ್ಲಿ ಕೊಪ್ಪಳದವನ ಹೆಲ್ತ್ ಬಾರ್ ತುಸು ಮುಂದಿತ್ತು. ತೀರ್ಪು ರಾಯಚೂರಿನವರದು: ಇಬ್ಬರೂ ಒಂದೊಂದು ಸುತ್ತು ಬಿಟ್ಟುಕೊಟ್ಟು, ಕೊನೆಯ ಸುತ್ತನ್ನು ಹೊಸದಾಗಿ ಆಡಬೇಕು. ಕರೆಂಟ್ ಹೋದವರು ಮರಳಲು ಕೊಟ್ಟಿದ್ದ ಇಪ್ಪತ್ತು ನಿಮಿಷದ ಗಡುವಿನೊಳಗೆ ಕೊಪ್ಪಳದವನು ಜನರೇಟರ್ ಇರುವ ಪಕ್ಕದ ಮನೆಯಿಂದ ವೈರ್ ಎಳೆಸಿಕೊಂಡು ಮರಳಿದ, ಆಡಿದ, ಸೋತ. ಅವನಿಂದ ದೂರು ಬರಲಿಲ್ಲ. ದೂರು ಬಂದದ್ದು ಫೈನಲ್‌ನಲ್ಲಿ, ವಿನ್ನರ್ಸ್ ಬದಿಯಿಂದ ಬಂದ ರಾಯಚೂರಿನವನಿಂದ. ಬ್ರಾಕೆಟ್ ರೀಸೆಟ್ ಆದ ಬಳಿಕ ಎರಡನೆಯ ಪಂದ್ಯದ ಮೊದಲ ಆಟದಲ್ಲೇ ಪಿಂಗ್ ಓಲಾಡುತ್ತಿದೆ ಎಂದು ಅವನು ನಿಲ್ಲಿಸಿದ. ಅಳೆದಾಗ ಅವನ ಮನೆಯಲ್ಲೇ ಯಾರದೋ ಫೋನು ಫೋಟೊಗಳನ್ನು ಬ್ಯಾಕಪ್‌ಗೆ ಕಳಿಸುತ್ತಿತ್ತು. ಆಡಿದ ಆಟದ ಅಂಕ ಹಾಗೆಯೇ ಉಳಿಯಿತು, ಫೋನಿನ ವೈಫೈ ಆರಿಸಿ ಮುಂದುವರಿಸಿ ಕೊನೆಗೆ ಅವನೇ 3-2ರಿಂದ ಗೆದ್ದ.

ಮುಂದಿನ ಆವೃತ್ತಿಗೆ ನಿಯಮಾವಳಿಯಲ್ಲಿ ಎರಡು ಬದಲಾವಣೆ ಆಗಲಿವೆ. ಕೊನೆಯ ಎಂಟಕ್ಕೆ ಬಂದವರು ರೂಟರಿನ ಸಂಪರ್ಕಿತ ಸಾಧನಗಳ ಪಟ್ಟಿಯನ್ನು ಪಂದ್ಯಕ್ಕೆ ಮುಂಚೆ ತೀರ್ಪುಗಾರರಿಗೆ ತೋರಿಸಬೇಕು. ಕರೆಂಟ್ ಗಡುವನ್ನು ಇಪ್ಪತ್ತರಿಂದ ಮೂವತ್ತು ನಿಮಿಷಕ್ಕೆ ಏರಿಸಲಾಗುತ್ತದೆ. ಈ ನಿಯಮಗಳನ್ನು ಬೇರೆ ಊರಿನವರು ಹಾಗೆಯೇ ಎತ್ತಿಕೊಂಡು ಬಳಸಬಹುದು, ಆದರೆ 80 ಮತ್ತು 15ರ ಮಿತಿಗಳು ನಮ್ಮ ಆರು ಊರುಗಳ ಅಳತೆಯಿಂದ ಬಂದವು. ಅವನ್ನು ನಿಮ್ಮಲ್ಲಿ ರಾತ್ರಿ ಎಂಟರ ಹೊತ್ತಿನ ಪಿಂಗ್ ನೋಡಿ ಗೊತ್ತುಮಾಡಿಕೊಳ್ಳಬೇಕು.